ಬಾಟಲಿಯೊಳಗೊಂದು ಕನ್ನಂಬಾಡಿ

ಕಾಲು ಚಮಚ ಯೀಸ್ಟ್! ಎರಡು ಲೀಟರ್ ಶುಂಠಿ-ನಿಂಬೆ ಸೋಡಾ ಮನೆಯಲ್ಲೇ ಬುರುಬುರು ಉಕ್ಕಲು ಅಷ್ಟು ಸಾಕು. ನೀರು, 200 ಗ್ರಾಂ ಸಕ್ಕರೆ, ಜಜ್ಜಿದ ಶುಂಠಿ, ನಿಂಬೆರಸ, ಮೇಲೆ ಆ ಪುಡಿ. ಆ ಪುಡಿಯಲ್ಲಿ ಎಷ್ಟು ಜೀವಕೋಶಗಳಿವೆ ಗೊತ್ತೇ? ಸುಮಾರು 1,000 ಕೋಟಿ. ಭೂಮಿಯ ಮೇಲಿನ ಜನರನ್ನೆಲ್ಲ ಎಣಿಸಿದರೂ 800 ಕೋಟಿ ಚಿಲ್ಲರೆ! ಮಿಲಿಮೀಟರಿಗೆ 200ರಂತೆ ಅವನ್ನು ಸಾಲು ನಿಲ್ಲಿಸಿದರೆ ಬೆಂಗಳೂರಿನಲ್ಲಿ ಶುರುವಾದ ಸಾಲು 50 ಕಿ.ಮೀ. ದಾಟಿ ರಾಮನಗರ ಮುಟ್ಟುತ್ತದೆ.

ಮುಚ್ಚಳ ಬಿಗಿದು ಒಂದೆರಡು ದಿನ ಬಿಡಿ. ಎರಡು ಲೀಟರಿನ ಬಾಟಲಿಯಲ್ಲಿ ಏಳು ಲೀಟರ್ ಅನಿಲ ಅಡಗಿ ಕೂತಿರುತ್ತದೆ. ಹೌದು, ಎರಡರೊಳಗೆ ಏಳು. ಯೀಸ್ಟ್ ಸಕ್ಕರೆ ತಿಂದು ಅನಿಲ ಬಿಡುತ್ತದೆ. ಮುಚ್ಚಳ ಬಿಗಿದಿರುವುದರಿಂದ ಅದು ಹೊರಹೋಗಲಾರದೆ ನೀರಲ್ಲೇ ಕರಗುತ್ತದೆ, ಒತ್ತಡ ಏರುತ್ತದೆ.

ಕಾರಿನ ಟೈರಿನ ಗಾಳಿಯ ಒತ್ತಡ 30-35 ಪಿಎಸ್‌ಐ. ಫ್ರಿಜ್‌ನ ಹೊರಗಿರುವ ಈ ಬಾಟಲಿ 50 ದಾಟುತ್ತದೆ! ಕನ್ನಂಬಾಡಿ ಕಟ್ಟೆ 124.80 ಅಡಿ ಭರ್ತಿಯಾದಾಗ ಅದರ ತಳದಲ್ಲಿ ನೀರಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಬಾಗಿನ ಅರ್ಪಿಸಲು ಮುಖ್ಯಮಂತ್ರಿಗಳು ನಿಮ್ಮ ಅಡುಗೆಮನೆಗೇ ಬರಬಹುದು.

ಇನ್ನೂ ಇದೆ. ಬಾಟಲಿಯ ಒಳಮೈ ಸುಮಾರು 1,000 ಚದರ ಸೆಂಟಿಮೀಟರ್. ಆ ಒತ್ತಡದಲ್ಲಿ ಒಂದೊಂದಕ್ಕೂ ಮೂರೂಮುಕ್ಕಾಲು ಕಿಲೋ ಭಾರ ಎಂದರೆ ಒಟ್ಟು 3,750 ಕಿಲೋ. ಮೈಸೂರಿನ ಚಿನ್ನದ ಅಂಬಾರಿ 750 ಕಿಲೋ. ದಸರಾ ಆನೆ ಹೊರುವುದು ಒಂದನ್ನು. ಬಡಕಲು ಪ್ಲಾಸ್ಟಿಕ್ ಬಾಟಲಿ ತಡೆದುಕೊಳ್ಳುವುದು ಐದು ಅಂಬಾರಿಗಳ ಭಾರವನ್ನು!

ಆ ಏಳು ಲೀಟರೂ ಒಂದು ಮಿಲಿಮೀಟರ್ ಅಗಲದ ಗುಳ್ಳೆಗಳಾಗಿ ಎದ್ದರೆ 1 ಕೋಟಿ 30 ಲಕ್ಷಕ್ಕೂ ಹೆಚ್ಚು. ಪೋಣಿಸಿದರೆ 13 ಕಿ.ಮೀ. ಸರ, ಮೈಸೂರಿನಿಂದ ಚಾಮುಂಡಿಬೆಟ್ಟದವರೆಗೆ. ಸೆಕೆಂಡಿಗೊಂದರಂತೆ ಎಣಿಸಿದರೆ ಊಟ ನಿದ್ದೆ ಬಿಟ್ಟು ಐದು ತಿಂಗಳು.

ಗುಳ್ಳೆ ಬಿಡಿ, ಆ ಅನಿಲದ ಅಣುಗಳನ್ನು ಎಣಿಸುವಿರಾ? ವಿಶ್ವ ಹುಟ್ಟಿದ ದಿನವೇ, ಅಂದರೆ 1,380 ಕೋಟಿ ವರ್ಷಗಳ ಹಿಂದೆ, ಸೆಕೆಂಡಿಗೊಂದರಂತೆ ಎಣಿಸಲು ಕೂತಿದ್ದರೂ ಇವತ್ತಿಗೆ ಮುಗಿದಿರುವುದು ನಾಲ್ಕು ಲಕ್ಷದಲ್ಲಿ ಒಂದು ಪಾಲು. ಅದೂ ಒಂದೇ ಬಾಟಲಿಯದ್ದು!

ಗಾಜಿನ ಬಾಟಲಿಯಲ್ಲಿ ಮಾತ್ರ ಈ ಸಾಹಸ ಬೇಡ, ಸಿಡಿದೀತು. ಪ್ಲಾಸ್ಟಿಕ್ಕೇ ಇರಲಿ. ಅದುಮಿದರೆ ಕಲ್ಲಿನಂತಾದ ಕೂಡಲೇ ಫ್ರಿಜ್‌ಗೆ ಇಡಿ. ತಣ್ಣಗಾದ ಮೇಲೆ, ಸಿಂಕಿನ ಮೇಲೆ ಹಿಡಿದು, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ.