‘ಎಳೆಬಿಸಿಲು’ ಮತ್ತು ಜೀವಸತ್ತ್ವ ‘ಡಿ’: ಮಣಿನಗರದ ಕನ್ನಡ ಮಹಿಳೆಯರ ಸಂದರ್ಭದಲ್ಲಿ ಒಂದು ವಿವೇಚನೆ

ಭಾಷಿಕ ಅಲ್ಪಸಂಖ್ಯಾತರ ಆರೋಗ್ಯವನ್ನು ಕುರಿತ ಅಧ್ಯಯನಗಳಲ್ಲಿ ‘ಅರಿವು’ ಮತ್ತು ‘ರೂಢಿ’ ಎಂಬ ಎರಡು ಅಂಶಗಳನ್ನು ಸಾಮಾನ್ಯವಾಗಿ ಪ್ರಶ್ನಾವಳಿಯ ಮೂಲಕ ಅಳೆಯಲಾಗುತ್ತದೆ. ಪ್ರಶ್ನೆಯ ಮಾತು ಉತ್ತರಿಸುವವರ ಮಾತಿನೊಡನೆ ಹೊಂದದಿದ್ದಲ್ಲಿ ಪ್ರಾಮಾಣಿಕವಾದ ಉತ್ತರವೂ ದಾರಿ ತಪ್ಪಿಸಬಲ್ಲದು. ಅಹಮದಾಬಾದಿನ ಮಣಿನಗರದಲ್ಲಿಯೂ ವಡೋದರಾ, ಸೂರತ್ ನಗರಗಳಲ್ಲಿಯೂ ಉದ್ಯೋಗನಿಮಿತ್ತ ನೆಲೆಸಿರುವ ಕನ್ನಡ ಕುಟುಂಬಗಳ ಮಹಿಳೆಯರನ್ನು ದೃಷ್ಟಿಯಲ್ಲಿರಿಸಿಕೊಂಡು, ಜೀವಸತ್ತ್ವ ‘ಡಿ’ಯ ವಿಷಯದಲ್ಲಿ ಈ ತೊಡಕನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಜೀವಸತ್ತ್ವದ ಬಹುಭಾಗ ಆಹಾರದಿಂದಲ್ಲ, ಚರ್ಮದಿಂದ ದೊರೆಯುತ್ತದೆ. ಸೂರ್ಯರಶ್ಮಿಯಲ್ಲಿರುವ 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣಗಳು ಚರ್ಮದ ಮೇಲೆ ಬಿದ್ದಾಗ ಅಲ್ಲಿ ಅದರ ಪೂರ್ವರೂಪ ಸಿದ್ಧವಾಗುತ್ತದೆ; ಯಕೃತ್ತು ಮತ್ತು ಮೂತ್ರಪಿಂಡಗಳು ಅದನ್ನು ಕ್ರಿಯಾಶೀಲಗೊಳಿಸುತ್ತವೆ. ಅದರ ಕೊರತೆಯಿಂದ ಕ್ಯಾಲ್ಸಿಯಂ ಮೈಗೂಡದೆ ಮೂಳೆಗಳು ಮೆತ್ತಗಾಗುತ್ತವೆ. ವಲಸೆ ಬಂದ ಸಮುದಾಯಗಳಲ್ಲಿ ಈ ಕೊರತೆ ವೈದ್ಯಲೋಕದ ಗಮನಕ್ಕೆ ಬಂದದ್ದು ಹೊಸದೇನಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪಾಕಿಸ್ತಾನಿ ಸಮುದಾಯದಲ್ಲಿ ಕಂಡುಬಂದ ಮೂಳೆಮೆದುರೋಗವನ್ನು ಡನಿಗನ್ ಮತ್ತು ಸಂಗಡಿಗರು 1962ರಲ್ಲಿಯೇ ವರದಿ ಮಾಡಿದ್ದರು. ಬಿಸಿಲಿನ ನಾಡಿನಲ್ಲಿ ಇಂತಹ ಕೊರತೆ ಅಸಂಭವವೆಂಬ ನಂಬಿಕೆಯನ್ನು ದೆಹಲಿಯ ಆರೋಗ್ಯವಂತರನ್ನು ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನ ಅಲ್ಲಗಳೆಯಿತು.

ಕನ್ನಡದಲ್ಲಿ ಬಿಸಿಲನ್ನು ಹೊತ್ತಿನಿಂದ ಗುರುತಿಸುವ ಪದಗಳಿವೆ: ಎಳೆಬಿಸಿಲು, ನಡುಹಗಲ ಬಿಸಿಲು, ಇಳಿಬಿಸಿಲು. ಇವುಗಳಲ್ಲಿ ಎಳೆಬಿಸಿಲು ಹಿತಕರವೆಂದೂ ನಡುಹಗಲ ಬಿಸಿಲು ವರ್ಜ್ಯವೆಂದೂ ಭಾವಿಸುವುದು ವಾಡಿಕೆ. ಎಣ್ಣೆ ತಿಕ್ಕಿದ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ಪದ್ಧತಿಯ ಹಿಂದೆ ಈ ತಿಳಿವಳಿಕೆಯೇ ಇದೆ. ಗುಜರಾತಿಯಲ್ಲಿಯೂ ಎಳೆಯ ಬಿಸಿಲಿಗೆ ‘ಕೂಣೋ ತಡಕೋ’ ಎಂಬ ಮಾತುಂಟು. ಆದರೆ ಸೂರ್ಯನು ದಿಗಂತಕ್ಕೆ ಸಮೀಪವಿರುವಾಗ ಕಿರಣಗಳು ವಾಯುಮಂಡಲದಲ್ಲಿ ದೀರ್ಘ ದಾರಿಯನ್ನು ಕ್ರಮಿಸಬೇಕಾಗುವುದರಿಂದ, ಅಗತ್ಯವಾದ ಅತಿನೇರಳೆ ಅಂಶ ಹೆಚ್ಚಾಗಿ ಅಲ್ಲಿಯೇ ಹೀರಲ್ಪಡುತ್ತದೆ. ಆದ್ದರಿಂದ “ದಿನವೂ ಬಿಸಿಲಿಗೆ ಮೈಯೊಡ್ಡುವಿರಾ?” ಎಂಬ ಪ್ರಶ್ನೆಗೆ ದೊರೆಯುವ “ಹೌದು” ಎಂಬ ಉತ್ತರದಲ್ಲಿ ಹೊತ್ತು ಅಡಗಿಹೋಗುತ್ತದೆ. ಅರಿವು ಇಲ್ಲವೆಂದಲ್ಲ, ಆ ಅರಿವು ಬೇರೊಂದು ಹೊತ್ತಿನದು.

ನೆರಳನ್ನು ಅಳತೆಗೋಲಾಗಿ ಬಳಸಿದರೆ ವಿಷಯ ಸ್ಪಷ್ಟವಾಗುತ್ತದೆ. ನೆರಳು ಆಳಿಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಈ ಕಿರಣಗಳು ಸಾಕಷ್ಟಿರುತ್ತವೆ ಎಂಬುದು ಸ್ಥೂಲ ಸೂತ್ರ. ಉಡುಪಿ 13 ಡಿಗ್ರಿ, ಅಹಮದಾಬಾದು 23 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರಿನ ಕಡೆಯ ವಾರಗಳ ನಡುಹಗಲಿನಲ್ಲಿ ಉಡುಪಿಯಲ್ಲಿ ನಿಂತವರ ನೆರಳು ಅವರ ಎತ್ತರದ ಮುಕ್ಕಾಲು ಪಾಲು. ಅಹಮದಾಬಾದಿನಲ್ಲಿ ಅದು ಎತ್ತರವನ್ನು ತುಸು ಮೀರುತ್ತದೆ. ಜನವರಿ 14ರ ಉತ್ತರಾಯಣದಂದು ಊರಿಗೆ ಊರೇ ಮಾಳಿಗೆಯೇರಿ ಗಾಳಿಪಟ ಹಾರಿಸುವಾಗ, ನಡುಹಗಲ ನೆರಳು ಹೆಚ್ಚುಕಡಿಮೆ ಆಳೆತ್ತರಕ್ಕೆ ಸಮನಾಗಿರುತ್ತದೆ. ತವರಿನಲ್ಲಿ ಸಾಲುತ್ತಿದ್ದ ರೂಢಿ ಇಲ್ಲಿ ಚಳಿಗಾಲದಲ್ಲಿ ಸಾಲದಿರಬಹುದು.

ಬೇಸಗೆಯ ತೊಡಕು ಇದಕ್ಕೆ ವಿರುದ್ಧವಾದುದು. 2010ರ ಮೇ ತಿಂಗಳ ಉಷ್ಣ ಅಲೆಯ ತರುವಾಯ ಅಹಮದಾಬಾದು ನಗರಪಾಲಿಕೆ 2013ರಲ್ಲಿ ಉಷ್ಣ ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ಆ ಯೋಜನೆಯಲ್ಲಿ ತಾಪಮಾನ 45 ಡಿಗ್ರಿ ಮುಟ್ಟಿದಾಗ ಕೆಂಪು ಎಚ್ಚರಿಕೆ. ನಡುಹಗಲಿನಲ್ಲಿ ಹೊರಬರಬೇಡಿರೆಂಬ ಸೂಚನೆ ಜೀವರಕ್ಷಕವಾದುದು. ಅದನ್ನು ಮೀರುವಂತೆ ಯಾರೂ ಹೇಳಲಾಗದು. ಸ್ಕೂಟರ್ ಸವಾರಿಯಲ್ಲಿ ಮುಖ, ತೋಳುಗಳನ್ನು ದುಪಟ್ಟಾದಿಂದ ಮುಚ್ಚಿಕೊಳ್ಳುವ ಇಲ್ಲಿನ ರೂಢಿಯೂ ಸಕಾರಣವೇ. ಬೆಳಗ್ಗೆ ಬಿಸಿಲು ಬಲಿತಿದ್ದರೂ ಸೆಕೆ ಏರದಿರುವ ಹೊತ್ತಿನಲ್ಲಿ, ಚಳಿಗಾಲದಲ್ಲಾದರೆ ನಡುಹಗಲಿನಲ್ಲಿ, ತೋಳುಗಳಿಗೆ ಬಿಸಿಲು ತಾಗಿಸುವುದು ಮಧ್ಯಮಮಾರ್ಗ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಫಲವಿಲ್ಲ; ಈ ಕಿರಣಗಳನ್ನು ಗಾಜು ತಡೆಯುತ್ತದೆ.

ಆಹಾರದ ಪಾತ್ರ ಸೀಮಿತವಾದುದು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಾದರೂ ಜೀವಸತ್ತ್ವ ‘ಡಿ’ ಇಲ್ಲ. ಕರಾವಳಿಯ ಬೂತಾಯಿ, ಬಂಗುಡೆಗಳಲ್ಲಿ ಅದು ಇದೆ. ಸಸ್ಯಾಹಾರಿಗಳಿಗೆ ಈ ಜೀವಸತ್ತ್ವವನ್ನು ಬೆರೆಸಿ ಸಾರವರ್ಧನೆ ಮಾಡಿದ ಹಾಲು, ಎಣ್ಣೆಗಳೇ ಮುಖ್ಯ ಆಸರೆ. ಬಿಸಿಲು ಕಡಮೆ ತಾಗುವವರಿಗೆ ದಿನಕ್ಕೆ 600 ಯೂನಿಟ್ ಬೇಕೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸು.

ಔಷಧದ ವಿಷಯದಲ್ಲಿಯಾದರೋ ಮಾತಿನ ತೊಡಕು ಅಪಾಯಕ್ಕೂ ಎಡೆಮಾಡಬಲ್ಲದು. ಕೊರತೆಯಿರುವವರಿಗೆ 60,000 ಯೂನಿಟ್‌ಗಳ ಮಾತ್ರೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಗಳ ಮಟ್ಟಿಗೆ ಸೂಚಿಸುತ್ತಾರೆ. ಅದನ್ನೇ ದಿನವೂ ನುಂಗುತ್ತ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ಕನ್ನಡದಲ್ಲಿ ‘ವಾರ’ವೆಂದರೆ ಏಳು ದಿನಗಳ ಅವಧಿಯೂ ಹೌದು, ಗುಜರಾತಿಯ ‘ವಾರ್’ ಸೋಮವಾರ, ಮಂಗಳವಾರದಂತಹ ದಿನವನ್ನು ಸೂಚಿಸುವ ಪದ, ಅವಧಿಗೆ ‘ಅಠವಾಡಿಯುಂ’ ಎಂಬ ಬೇರೆಯೇ ಪದವಿದೆ. ಮಾತ್ರೆಯ ಹೊದಿಕೆ ಇಂಗ್ಲಿಷಿನಲ್ಲಿ, ವೈದ್ಯರ ಮಾತು ಗುಜರಾತಿಯಲ್ಲಿ, ಕೇಳುವವರ ಅರ್ಥಗ್ರಹಣ ಕನ್ನಡದಲ್ಲಿ ನಡೆಯುವಾಗ ಈ ಅಂತರ ಉಪೇಕ್ಷಣೀಯವಲ್ಲ.

ಆದ್ದರಿಂದ ಈ ಮಹಿಳೆಯರ ನಡುವೆ ಕ್ಷೇತ್ರಕಾರ್ಯ ಕೈಗೊಳ್ಳುವವರು “ಬಿಸಿಲಿಗೆ ಹೋಗುವಿರಾ?” ಎಂದು ಕೇಳಿ ನಿಲ್ಲಿಸದೆ, ಯಾವ ಹೊತ್ತಿನ ಬಿಸಿಲು, ಆಗ ನೆರಳೆಷ್ಟುದ್ದ, ತೋಳು ತೆರೆದಿತ್ತೇ, ಮಾತ್ರೆ ಎಷ್ಟು ದಿನಕ್ಕೊಮ್ಮೆ ಎಂದು ಕೇಳುವುದು ಉಚಿತ. ಸೊಂಟನೋವು, ತೊಡೆಯ ಸೆಳೆತಗಳನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವ ಮಹಿಳೆಗೆ ಆ ಪ್ರಶ್ನೆಗಳೇ ಮೊದಲ ತಿಳಿವಳಿಕೆಯಾಗಿ ಒದಗಬಹುದು.