ಹೂವಿನ ಸಮೀಪಚಿತ್ರ

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ಮೊರಬದ ಸುತ್ತಲಿನ ನೆಲ ಕಪ್ಪು ಎರೆಯ ನೆಲ. ಮಳೆಗಾಲ ಕಳೆದ ಮೇಲೆ ಈ ಸೀಮೆಯ ಹೊಲಗಳಲ್ಲಿ ಹತ್ತಿ, ಕಡಲೆ, ಕುಸುಬೆಗಳು ಹೂ ಬಿಡುತ್ತವೆ. ಈಗ ಅನೇಕ ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲಿನ ರೂಪದಲ್ಲಿ ಒಂದು ಕ್ಯಾಮೆರಾ ಇರುವುದರಿಂದ, ಈ ಹೂಗಳ ಚಿತ್ರ ತೆಗೆಯುವುದು ಸುಲಭದ ಕೆಲಸ. ಆದರೆ ತೆಗೆದ ಚಿತ್ರ ಬಹಳ ಸಲ ನಿರಾಶೆಯನ್ನೇ ಉಂಟುಮಾಡುತ್ತದೆ. ಹೂವು ಎಲೆ ಕಡ್ಡಿಗಳ ನಡುವೆ ಕಳೆದುಹೋಗಿರುತ್ತದೆ; ಇಲ್ಲವೆ ಎಸಳುಗಳು ಬಿಳಿಯ ಕಾಗದದ ಚೂರುಗಳಂತೆ ಕಾಣುತ್ತವೆ. ಇದರ ಕಾರಣಗಳನ್ನೂ ಪರಿಹಾರವನ್ನೂ ಇಲ್ಲಿ ವಿಚಾರಿಸೋಣ.

ಕಣ್ಣಿಗೂ ಕ್ಯಾಮೆರಾಕ್ಕೂ ಒಂದು ಮುಖ್ಯ ಭೇದವುಂಟು. ನಾವು ಹೂವನ್ನು ನೋಡುವಾಗ ಮನಸ್ಸು ಹೂವಿನ ಮೇಲೆಯೇ ನಿಲ್ಲುತ್ತದೆ. ಹಿಂದಿನ ಒಣಕಡ್ಡಿ ಕಣ್ಣಿಗೆ ಬಿದ್ದರೂ ಗಮನಕ್ಕೆ ಬರುವುದಿಲ್ಲ. ಮಸೂರಕ್ಕೆ ಈ ವಿವೇಚನೆಯಿಲ್ಲ. ಎದುರಿಗಿರುವ ಎಲ್ಲವನ್ನೂ ಅದು ಚಿತ್ರದೊಳಕ್ಕೆ ತರುತ್ತದೆ. ಆದುದರಿಂದ ಮನಸ್ಸು ತಾನಾಗಿ ಮಾಡುವ ಆಯ್ಕೆಯನ್ನು ಛಾಯಾಚಿತ್ರ ತೆಗೆಯುವವನು ತಿಳಿದು ಮಾಡಬೇಕಾಗುತ್ತದೆ. ಚಿತ್ರಸಂಯೋಜನೆಯೆಂದರೆ ಇದೇ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬಾತನ ಸಸ್ಯಚಿತ್ರಗಳ ಪುಸ್ತಕ 1928ರಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ಚಿಗುರು, ಮೊಗ್ಗು, ಬೀಜಕೋಶಗಳನ್ನು ಬರಿದಾದ ಹಿನ್ನೆಲೆಯ ಮುಂದಿಟ್ಟು, ಹಲವು ಪಟ್ಟು ಹಿಗ್ಗಿಸಿ ತೆಗೆದ ಆ ಚಿತ್ರಗಳಲ್ಲಿ ಬಣ್ಣವಿಲ್ಲ. ಆದರೂ ಸಸ್ಯದ ರಚನೆಯೊಂದೇ ನೋಡುವವರ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ.

ಹೊಲದಲ್ಲಿ ನಿಂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಹೂವಿನಲ್ಲಿ ಏನನ್ನು ತೋರಿಸಬೇಕು ಎಂಬುದು. ಹತ್ತಿಯ ಹೂವನ್ನು ಎದುರಿನಿಂದ ನೋಡಿದರೆ ಐದು ಎಸಳುಗಳೂ, ನಡುವೆ ಕೇಸರಗಳು ಕೂಡಿ ಆದ ಕಂಬವೂ ಕಾಣುತ್ತವೆ. ಪಕ್ಕದಿಂದ ನೋಡಿದರೆ ಹೂವನ್ನು ತಬ್ಬಿರುವ ಹಲ್ಲಂಚಿನ ಮೂರು ಎಲೆಗಳು ಕಾಣುತ್ತವೆ. ಕುಸುಬೆಯ ಒಂದು ಹೂವೆಂದು ನಾವು ತಿಳಿದಿರುವುದು ವಾಸ್ತವವಾಗಿ ಅನೇಕ ಸಣ್ಣ ನಳಿಗೆಯಂಥ ಹೂಗಳ ಗುಚ್ಛ. ಎಲ್ಲವನ್ನೂ ಒಂದೇ ಚಿತ್ರ ಹೇಳಲಾರದು. ತೋರಿಸಬೇಕಾದುದು ನಿಶ್ಚಯವಾದ ಮೇಲೆ ಹಿನ್ನೆಲೆಯನ್ನು ನೋಡಬೇಕು. ಕ್ಯಾಮೆರಾವನ್ನು ಒಂದು ಗೇಣು ಕೆಳಕ್ಕೋ ಪಕ್ಕಕ್ಕೋ ಸರಿಸಿದರೆ ಸಾಕು, ಹೂವಿನ ಹಿಂದಿನ ಕಡ್ಡಿ ಮರೆಯಾಗಿ ದೂರದ ಹಸುರು ಅಲ್ಲಿ ಬರುತ್ತದೆ. ಎದುರಿನಿಂದ ತೆಗೆದ ದುಂಡುಹೂವು ಚಿತ್ರದ ನಡುವೆ ಇರಬಹುದು. ಪಕ್ಕಕ್ಕೆ ತಿರುಗಿದ ಹೂವನ್ನು ಚಿತ್ರದ ಮೂರನೆಯ ಒಂದು ಭಾಗದ ಗೆರೆಯ ಬಳಿ ಇಟ್ಟು, ಅದು ಮುಖ ಮಾಡಿದ ಕಡೆ ತೆರಪು ಬಿಡುವುದು ಲೇಸು.

ಹೂವಿಗೆ ಸಮೀಪಿಸಿದಂತೆ ಇನ್ನೊಂದು ತೊಡಕು ಎದುರಾಗುತ್ತದೆ. ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಪದರದ ದಪ್ಪ ಬಹು ಬೇಗ ಕಡಿಮೆಯಾಗುತ್ತದೆ. 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಬಿಂಬಫಲಕವುಳ್ಳ ಕ್ಯಾಮೆರಾದಲ್ಲಿ, ಎಫ್ 8 ಎಂಬ ರಂಧ್ರದಿಂದ, 6 ಸೆಂಟಿಮೀಟರ್ ಹೂವು 2 ಸೆಂಟಿಮೀಟರ್ ಬಿಂಬವಾಗುವಂತೆ ಚಿತ್ರ ತೆಗೆದರೆ ಆ ಪದರ ಸುಮಾರು 6 ಮಿಲಿಮೀಟರ್ ಮಾತ್ರ. ಕಡಲೆಯ ಪುಟ್ಟ ಹೂವನ್ನು ಅದರ ನಿಜಗಾತ್ರದಲ್ಲಿಯೇ ಹಿಡಿದರೆ ಅದು 1 ಮಿಲಿಮೀಟರಿಗೆ ಇಳಿಯುತ್ತದೆ. ಆದುದರಿಂದ ಮುಖ್ಯವಾದ ಭಾಗಗಳು ಕ್ಯಾಮೆರಾದ ಹಿಂಬದಿಗೆ ಸಮಾನಾಂತರವಾಗಿರುವಂತೆ ನಿಲ್ಲಬೇಕು.

ರಂಧ್ರವನ್ನು ಎಫ್ 16ಕ್ಕೆ ಕಿರಿದುಗೊಳಿಸಿದರೆ ಪದರ ಇಮ್ಮಡಿಯಾಗುತ್ತದೆ. ಆದರೆ ಒಳಬರುವ ಬೆಳಕು ಕಾಲುಭಾಗಕ್ಕೆ ಇಳಿಯುವುದರಿಂದ ನಾಲ್ಕು ಪಟ್ಟು ಕಾಲ ಬೇಕು. ಬಯಲುಸೀಮೆಯಲ್ಲಿ ಗಾಳಿಗೆ ತಡೆ ಕಡಿಮೆ. ಸೆಕೆಂಡಿಗೆ 6 ಸೆಂಟಿಮೀಟರ್ ವೇಗದಲ್ಲಿ ತೂಗುವ ಹೂವು ಸೆಕೆಂಡಿನ 30ನೆಯ ಒಂದು ಭಾಗದಲ್ಲಿ 2 ಮಿಲಿಮೀಟರ್ ಸರಿದುಹೋಗಿ ಚಿತ್ರವನ್ನು ಕೆಡಿಸುತ್ತದೆ. ಗಾಳಿ ಏಳುವ ಮುನ್ನ, ಬೆಳಗಿನ ಹೊತ್ತಿನಲ್ಲಿ, ಚಿತ್ರ ತೆಗೆಯುವುದು ಇದಕ್ಕಾಗಿಯೇ.

ಎರೆನೆಲ ತಾನೂ ಒಂದು ಮೋಸವನ್ನು ಒಡ್ಡುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿನ ದೃಶ್ಯ ಸರಾಸರಿಯಲ್ಲಿ ಬೂದುಬಣ್ಣದ್ದೆಂದು ಎಣಿಸಿ ಲೆಕ್ಕ ಹಾಕುತ್ತದೆ. ಕಪ್ಪುನೆಲದ ಮೇಲೆ ಒಂದು ಬಿಳಿ ಹೂವಿದ್ದರೆ, ನೆಲವನ್ನು ಬೂದಿಯಂತೆ ಕಾಣಿಸಲು ಅದು ಬೆಳಕನ್ನು ಹೆಚ್ಚಿಸುತ್ತದೆ. ಹೂವಿನ ನರಗಳೂ ಮಡಿಕೆಗಳೂ ಅಳಿಸಿಹೋಗುತ್ತವೆ. ಆಗ ಬೆಳಕನ್ನು ಅರ್ಧದಷ್ಟು ಇಳಿಸಿ ನೋಡಬೇಕು. ಹೂವೇ ಚಿತ್ರವನ್ನೆಲ್ಲ ತುಂಬಿದ್ದರೆ ಇದಕ್ಕೆ ವಿರುದ್ಧವಾಗಿ ಸ್ವಲ್ಪ ಏರಿಸಬೇಕು.

ಈ ಎಚ್ಚರ ಮುಂದೆ ಚಿತ್ರವನ್ನು ತಿದ್ದುವಾಗ ಫಲ ಕೊಡುತ್ತದೆ. ಸಾಮಾನ್ಯ ಚಿತ್ರದಲ್ಲಿ ಕೆಂಪು, ಹಸುರು, ನೀಲಿ ಪ್ರತಿಯೊಂದಕ್ಕೂ 0 ರಿಂದ 255ರ ವರೆಗಿನ ಅಂಕೆಗಳಿರುತ್ತವೆ. ಎಸಳಿನ ಉದ್ದಗಲಕ್ಕೂ 255 ಎಂದೇ ದಾಖಲಾದ ಮೇಲೆ, ಅಲ್ಲಿಯ ನರಗಳನ್ನು ಯಾವ ತಿದ್ದುಪಡಿಯೂ ಮರಳಿ ತಾರದು. ಕುಸುಬೆಯಂಥ ಕಿತ್ತಳೆ ಹೂಗಳಲ್ಲಿ ಕೆಂಪಿನ ಅಂಕೆ ಎಲ್ಲಕ್ಕಿಂತ ಮೊದಲು ಈ ಮಿತಿಯನ್ನು ಮುಟ್ಟುತ್ತದೆ. ಅಂಚು ಕತ್ತರಿಸುವುದಕ್ಕೂ ಮಿತಿಯುಂಟು: ಉದ್ದ ಅಗಲಗಳೆರಡನ್ನೂ ಅರ್ಧಕ್ಕೆ ಕತ್ತರಿಸಿದರೆ 120 ಲಕ್ಷ ಚುಕ್ಕೆಗಳ ಚಿತ್ರದಲ್ಲಿ 30 ಲಕ್ಷ ಮಾತ್ರ ಉಳಿಯುತ್ತವೆ. ಹೂವನ್ನು ದೊಡ್ಡದಾಗಿ ತೋರಿಸಬೇಕಾದರೆ ಕತ್ತರಿಸುವುದಕ್ಕಿಂತ ಹತ್ತಿರ ಹೋಗುವುದೇ ಉತ್ತಮ.

ತಿದ್ದುಪಡಿಯ ಹದ್ದು ಎಲ್ಲಿದೆ? ಈ ಪ್ರಶ್ನೆಗೆ ಹತ್ತಿಯ ಹೂವೇ ಉತ್ತರ ಹೇಳುತ್ತದೆ. 19ನೆಯ ಶತಮಾನದ ಮಧ್ಯದಲ್ಲಿ ಧಾರವಾಡ ಸೀಮೆಗೆ ಬಂದ ಅಮೆರಿಕದ ಹತ್ತಿಯ ಜಾತಿಯಲ್ಲಿ ಹೂವು ಅರಳಿದ ದಿನ ಕೆನೆಬಿಳುಪಾಗಿರುತ್ತದೆ; ಮರುದಿನ ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಾಡಹತ್ತಿಯ ಹರ್ಬೇಸಿಯಂ ಜಾತಿಯದಾದರೋ ಹಳದಿ ಹೂವು, ಬುಡದಲ್ಲಿ ಕಡುಗೆಂಪಿನ ಮಚ್ಚೆ. ಹೀಗೆ ಬಣ್ಣವು ಹೂವಿನ ವಯಸ್ಸನ್ನೂ ಕುಲವನ್ನೂ ತಿಳಿಸುವ ಸಾಕ್ಷಿ. ಚೆಲುವಿಗಾಗಿ ಬಿಳಿಯ ಹೂವಿಗೆ ಗುಲಾಬಿ ಬಣ್ಣ ಏರಿಸಿದವನು ಒಂದು ದಿನದ ಲೆಕ್ಕವನ್ನೇ ತಪ್ಪಿಸಿದಂತಾಯಿತು. ಆದರೆ ಸಂಜೆಯ ಬಿಸಿಲು ಬಿಳಿಯ ಎಸಳಿಗೆ ಹಚ್ಚಿದ ಕೆಂಪನ್ನು ತೆಗೆಯುವುದು ಸುಳ್ಳಲ್ಲ. ಅದೇ ಬೆಳಕಿನಲ್ಲಿ ಒಂದು ಬಿಳಿ ಕಾಗದದ ಚಿತ್ರವನ್ನೂ ತೆಗೆದಿಟ್ಟುಕೊಂಡು, ಕಾಗದ ಬೆಳ್ಳಗಾಗುವಷ್ಟೇ ಹೂವಿನ ಚಿತ್ರವನ್ನು ತಿದ್ದಿದರೆ ದೋಷ ಬೆಳಕಿನದು ಮಾತ್ರ ಹೋಗುತ್ತದೆ, ಹೂವಿನ ಗುಣ ಉಳಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಅಮೆರಿಕದ ಜಾತಿಯ ಒಂದು ಹತ್ತಿಗಿಡದ ಹೂವಿಗೆ ದಾರ ಕಟ್ಟಿ ಗುರುತು ಮಾಡಿ, ಎರಡು ದಿನ, ಒಂದೇ ಸ್ಥಾನದಿಂದ, ಕಾಗದದ ಚಿತ್ರದೊಡನೆ ಅದರ ಚಿತ್ರ ತೆಗೆಯಿರಿ. ಎರಡನ್ನೂ ಮೇಲೆ ಹೇಳಿದಂತೆ ತಿದ್ದಿ ಪಕ್ಕದಲ್ಲಿಟ್ಟು ನೋಡಿರಿ. ಹೂವಿನ ಒಂದು ಹಗಲು ರಾತ್ರಿಯ ಚರಿತ್ರೆ ಅಲ್ಲಿ ಬಣ್ಣದಲ್ಲಿ ಬರೆದಿರುತ್ತದೆ.