ಮಣ್ಣಿನ ದುಡ್ಡು, ರಟ್ಟಿನ ದುಡ್ಡು, ಶಾಪದ ದುಡ್ಡು!

ಒಂದು ಬೆಳ್ಳಿ ಪೆಸೊ. 1914ರದು, ಮೆಕ್ಸಿಕೊದ್ದು. ಅದರ ಮೇಲೆ ಏನು ಬರೆದಿದೆ, ಹೇಳಿ ನೋಡೋಣ!

ದೇವರ ಹೆಸರೆ? ದೇಶಕ್ಕೆ ಜೈಕಾರವೆ? ಊಹೂಂ! ‘ವೆರ್ತಾ ಸಾಯಲಿ’ ಎಂದು ಬರೆದಿದೆ!

ಯಾರು ಈ ವೆರ್ತಾ? 1913ರಲ್ಲಿ ಅಧ್ಯಕ್ಷ ಮದೇರೊನನ್ನು ಕೆಳಗಿಳಿಸಿ ಗದ್ದುಗೆ ಕಸಿದುಕೊಂಡ ಸೇನಾಧಿಪತಿ. ಡುರಾಂಗೊ ರಾಜ್ಯದ ಬಂಡುಕೋರರು ಅವನಿಗೆ ಹಾಕಿದ ಶಾಪವನ್ನೇ ನಾಣ್ಯದ ಮೇಲೆ ಒತ್ತಿಬಿಟ್ಟರು! ಇದು ಜೇಬಿನಲ್ಲಿ ಸಿಕ್ಕರೆ ಮರಣದಂಡನೆಯೇ ಗತಿಯಾಗಿತ್ತಂತೆ. ಸಂಗ್ರಹಕಾರರು ಈ ಕಥೆಯನ್ನು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ.

ಇದು ಬರೀ ಆರಂಭ!

1913ರಿಂದ 1917. ಮೆಕ್ಸಿಕೊ ಕ್ರಾಂತಿಯ ಬೆಂಕಿ ಧಗಧಗಿಸುತ್ತಿದ್ದ ಕಾಲ. ಕಾಗದದ ನೋಟನ್ನು ನಂಬುವವರಿಲ್ಲ. ಒಳ್ಳೆಯ ನಾಣ್ಯಗಳೆಲ್ಲ ಮಡಕೆ ಸೇರಿ ಮಾಯ! ಸೈನಿಕರಿಗೆ ಸಂಬಳ ಕೊಡಬೇಕಲ್ಲ? ಒಬ್ಬೊಬ್ಬ ಸೇನಾನಿಯೂ ತನ್ನದೇ ನಾಣ್ಯ ಹೊರಡಿಸತೊಡಗಿದ!

ನಾಣ್ಯವೆಂದರೆ ದುಂಡಗೆ ಎಂದುಕೊಂಡಿರಾ? ಓಹಾಕಾ ರಾಜ್ಯದ 1915ರ 1 ಸೆಂಟಾವೊ (ಪೆಸೊದ ನೂರನೇ ಒಂದು ಭಾಗ) ನೋಡಿ. ಚೌಕಟ್ಟಿನಂತೆ ಆಯತಾಕಾರ! 3 ಸೆಂಟಾವೊ ಕೂಡ ಹಾಗೆಯೇ! ಮರುವರ್ಷ ಅದೇ ರಾಜ್ಯ ಮಾಡಿದ್ದೇನು ಗೊತ್ತೆ? 60 ಪೆಸೊಗಳ ಚಿನ್ನದ ನಾಣ್ಯ!

ಇನ್ನು ಲೋಹ. ತಾಮ್ರ, ಬೆಳ್ಳಿ, ಚಿನ್ನ ಆಯಿತು. ಮುಂದೆ? ಡುರಾಂಗೊದಲ್ಲಿ ಸೀಸ! ಟೆಸ್ಕೋಕೊದಲ್ಲಿ? ಸುಟ್ಟ ಮಣ್ಣು! ಹೌದು, ಮಣ್ಣಿನ 1 ಸೆಂಟಾವೊ! ಟೊಲೂಕಾದಲ್ಲಿ? ತಡೆಯಿರಿ, ನಗಬೇಡಿ. ರಟ್ಟು! 5 ಸೆಂಟಾವೊ ಬೆಲೆಯ ಬೂದು ಬಣ್ಣದ ರಟ್ಟಿನ ಬಿಲ್ಲೆ!

ಈಗ ನನ್ನ ಅಚ್ಚುಮೆಚ್ಚಿನದು. ಕ್ರಾಂತಿಯ ನಾಯಕ ಜಪಾತಾನ ಪಡೆಗಳು ಓಡಾಡಿದ ಗೆರೆರೊ ರಾಜ್ಯದ ಪೆಸೊ. ಮೈಯೆಲ್ಲ ಒರಟು, ಅಂಚು ಸೊಟ್ಟ. ಭೂತಗನ್ನಡಿ ಹಿಡಿಯಿರಿ. ‘ಓರೊ 0,300’ ಎಂಬ ಅಕ್ಷರಗಳು ಕಾಣುತ್ತವೆಯೆ? ಓರೊ ಅಂದರೆ ಚಿನ್ನ! ಆ ಬೆಳ್ಳಿಯೊಳಗೆ 0.300 ಗ್ರಾಂ ಚಿನ್ನ ಬೆರೆತಿದೆ ಎಂದು ನಾಣ್ಯವೇ ಸಾರುತ್ತಿದೆ! ಅಲ್ಲಿನ ಗಣಿಯ ಬೆಳ್ಳಿಯಲ್ಲೇ ಚಿನ್ನ ಸೇರಿಕೊಂಡಿರುತ್ತಿತ್ತು. ಯುದ್ಧದ ನಡುವೆ ಅದನ್ನು ಬೇರ್ಪಡಿಸುತ್ತ ಕೂರುವವರು ಯಾರು?

ಯಾವ ನಾಣ್ಯ ಎಲ್ಲಿಯದು ಎಂದು ಗುರುತಿಸುವುದು ಹೇಗೆ? ಇಲ್ಲಿದೆ ಮಜಾ! ಮೇಲೊಂದು ಪುಟ್ಟ ಗುಂಡು ಕಂಡರೆ ಅದು ಕ್ರಾಂತಿಯ ಇನ್ನೊಬ್ಬ ನಾಯಕ ಪಾಂಚೊ ವಿಯಾನ ಕಡೆಯವರು ಪರ್ರಾಲ್‌ನಲ್ಲಿ ಒತ್ತಿದ 1913ರ ‘ಬೋಲಿತಾ’ ಪೆಸೊ ಇರಬಹುದು! ಮಾಜಿ ಅಧ್ಯಕ್ಷ ಬೆನಿಟೊ ಹುವಾರೆಸ್‌ನ ಮುಖ ಕಂಡರೆ ಓಹಾಕಾ! ಆ ಮುಖವೂ ಒಂದೇ ತರಹ ಇಲ್ಲ. ಅಚ್ಚು ಬದಲಾದಂತೆ ಮುಖವೂ ಬದಲು! ಯಾವ ಮುಖ ಎಂಬುದರ ಮೇಲೆ ಬೆಲೆಯೂ ಬದಲು!

ಹುಷಾರು! ಅಕ್ಷರ ಮಸುಕಾಗಿದೆ ಎಂದು ಸವೆದ ನಾಣ್ಯವೆಂದು ಬದಿಗಿಡಬೇಡಿ. ಅಚ್ಚು ಒತ್ತಿದಾಗಲೇ ಅದು ಸರಿಯಾಗಿ ಮೂಡಿರಲಿಕ್ಕಿಲ್ಲ. ಕೈಗೆ ಸಿಕ್ಕ ತಕ್ಷಣ ಹುಣಸೆಹಣ್ಣು ಹಾಕಿ ಉಜ್ಜಲೂಬೇಡಿ! ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ.

ಮತ್ತೊಂದು ತಮಾಷೆ. ಎರಕದ ನಾಣ್ಯ ಕಂಡರೆ ಸಂಗ್ರಹಕಾರರು ಸಾಮಾನ್ಯವಾಗಿ ‘ನಕಲಿ’ ಎನ್ನುತ್ತಾರೆ. ಆದರೆ ಸಿನಲೋವಾದಲ್ಲಿ ಅಸಲಿಯನ್ನೇ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದರು! ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು? ಅನುಭವಿಗಳೂ ತಲೆ ಕೆರೆದುಕೊಳ್ಳುತ್ತಾರೆ! ತೂಗಿ ನೋಡಿ. ಗತ್ರಿ ಮತ್ತು ಬಾಥಮ್ಲಿ ಮಾಡಿದ ಈ ನಾಣ್ಯಗಳ ಕ್ಯಾಟಲಾಗ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ.

ಕೊನೆಯ ಪ್ರಶ್ನೆ. ಅಪರೂಪಕ್ಕೇ ಅಪರೂಪ ಎನಿಸಿದವುಗಳ ಸಾಲಿನಲ್ಲಿ ಯಾವುದಿದೆ? ಓಹಾಕಾದ ಚಿನ್ನದ್ದೊಂದೇ ಅಲ್ಲ! ಗೆರೆರೊದ ‘ಸುರಿಯಾನಾ’ ಹೆಸರಿನ 1915ರ 2 ಪೆಸೊ ಬೆಳ್ಳಿ ಬಿಲ್ಲೆಯೂ ಇದೆ! ಹರಾಜಿಗೆ ಬಂದರೆ ಸಂಗ್ರಹಕಾರರ ಎದೆ ಡವಡವ!

ಹಳೆ ನಾಣ್ಯದ ರಾಶಿಯಲ್ಲಿ ಸೊಟ್ಟ ಮೆಕ್ಸಿಕನ್ ಬಿಲ್ಲೆ ಕಂಡರೆ ಮೂಗು ಮುರಿಯಬೇಡಿ. ಇಸವಿ ನೋಡಿ. 1913ರಿಂದ 1917ರ ನಡುವೆಯೆ? ಮೊದಲು ಭೂತಗನ್ನಡಿ ತನ್ನಿ, ಚೌಕಾಸಿ ಆಮೇಲೆ!